ಕಾರಿನ ಮೈಗೆ ಎಷ್ಟು ಅಂಗಿ ತೊಡಿಸಬೇಕು?

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹೊಸ ಕಾರು ಓಡಿಸುವವರಿಗೆ ಎದೆ ಡವಡವ ಅನ್ನುವುದು ವೇಗಕ್ಕಲ್ಲ, ಮುಂದೆ ಹೋಗುವ ಟಿಪ್ಪರ್‌ಗೆ. ಸಂಡೂರಿನ ಗಣಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ವಿದ್ಯುತ್ ಸ್ಥಾವರ ಎಲ್ಲಾ ಈ ಸೀಮೆಯಲ್ಲೇ ಇರುವುದರಿಂದ ಅದಿರು, ಬೂದಿ, ಜಲ್ಲಿ ಹೊತ್ತ ಲಾರಿಗಳಿಗೆ ಇಲ್ಲಿ ಬರವಿಲ್ಲ. ಒಂದು ಹರಳು ‘ಟಣ್’ ಎಂದು ಬಾನೆಟ್ಟಿಗೆ ಬಡಿದರೆ ಸಾಕು, ತಿಂಗಳ ಕಂತು ಕಟ್ಟುವವನ ಹೊಟ್ಟೆಯಲ್ಲಿ ಸಂಕಟ.

ಈ ಸಂಕಟಕ್ಕೆ ಮದ್ದು ಎಂದು ಬಂದಿರುವುದೇ ಪಿಪಿಎಫ್. ಅಂದರೆ ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳಿಗೆ ಮರಳು, ಕಲ್ಲುಚೂರು ತಾಗದಿರಲೆಂದು ಹುಟ್ಟಿದ ವಸ್ತು ಇದು ಎನ್ನುತ್ತಾರೆ. ಈಗ ಜಿಲ್ಲಾ ಕೇಂದ್ರಗಳ ಕಾರ್ ಅಂಗಡಿಗಳ ಬೋರ್ಡಿನಲ್ಲೂ ರಾರಾಜಿಸುತ್ತಿದೆ.

ಹಾಕಿಸಬೇಕೋ ಬೇಡವೋ ಅನ್ನುವುದಕ್ಕಿಂತ ಎಷ್ಟು ಹಾಕಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಅಂಗಡಿಯವನದು ಒಂದೇ ಮಾತು: ‘ಫುಲ್ ಬಾಡಿ ಮಾಡಿಸಿಬಿಡಿ ಸಾರ್, ಟೆನ್ಷನ್ನೇ ಇರಲ್ಲ.’ ಒಳ್ಳೆ ಮಾಲಿನಲ್ಲಿ ಪೂರ್ತಿ ಮೈಗೆ ಮುಕ್ಕಾಲು ಲಕ್ಷದಿಂದ ಒಂದೂವರೆ ಲಕ್ಷದವರೆಗೆ ಹೇಳುವುದು ಮಾಮೂಲು. 8 ಲಕ್ಷದ ಕಾರಿಗೆ 1 ಲಕ್ಷದ ಫಿಲ್ಮು ಅಂದರೆ ರೂಪಾಯಿಗೆ ಎರಡಾಣೆ ಬರೀ ಅಂಗಿಗೇ ಹೋಯಿತು!

ಆಮೇಲೆ ಮನೆಯಲ್ಲಿ ಪಂಚಾಯಿತಿ. ‘ರೀ, ಆ ದುಡ್ಡಲ್ಲಿ ಮಗಳ ಒಂದು ವರ್ಷದ ಕಾಲೇಜು ಫೀಸ್ ಆಗ್ತದಲ್ರೀ’ ಎಂದು ಆಕೆ. ‘ಹಂಗಂತ ಹೊಸ ಗಾಡಿ ಮೈತುಂಬ ಸಿಡುಬು ಬಂದಂಗಾದ್ರೆ ನೋಡ್ಕೊಂಡು ಇರಕ್ಕಾಗ್ತದೇನೆ?’ ಎಂದು ಈತ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ತೀರ್ಪು ಕೊಡಬೇಕಾದ್ದು ಕಲ್ಲು. ಅದು ಎಲ್ಲಿ ಬಡಿಯುತ್ತದೋ ಅಲ್ಲಿಗೆ ರಕ್ಷಣೆ ಕೊಟ್ಟರಾಯಿತು.

ಬಣ್ಣ ಎಷ್ಟು ದಪ್ಪ?

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ, ಅಡಿಯ ಪ್ರೈಮರ್‌ನಿಂದ ಮೇಲಿನ ಹೊಳಪಿನ ಪದರದವರೆಗೆ ಎಲ್ಲಾ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುವಾಗ, ಕಾರಿನ ಮಾನ ಕಾಯುತ್ತಿರುವುದು ಎರಡು ಕೂದಲಿನಷ್ಟು ಬಣ್ಣ ಅಷ್ಟೆ. ಫಿಲ್ಮಿನ ದಪ್ಪ 150ರಿಂದ 200 ಮೈಕ್ರಾನ್. ಅದಕ್ಕೇ ಸಣ್ಣ ಹರಳಿನ ಏಟು ತಡೆಯುತ್ತದೆ. ‘ಸೆರಾಮಿಕ್ ಕೋಟಿಂಗ್ ಇದ್ರೆ ಸಾಕು ಸಾರ್’ ಅನ್ನುವವರ ಮಾತು ನಂಬಬೇಡಿ. ಅದು ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು. ಹೊಳಪು ಕೊಡುತ್ತದೆ, ತೊಳೆಯುವುದು ಸಲೀಸು ಮಾಡುತ್ತದೆ. ಕಲ್ಲು ತಡೆಯುವುದಿಲ್ಲ.

ಹೆಚ್ಚು ಏಟು ತಿನ್ನುವುದು ಮುಂದಿನ ಬಂಪರ್. ಆದರೆ ಅದು ಪ್ಲಾಸ್ಟಿಕ್, ಚುಕ್ಕೆ ಬಿದ್ದರೆ ಅಂದಗೆಡುತ್ತದೆಯೇ ಹೊರತು ತುಕ್ಕು ಹಿಡಿಯುವುದಿಲ್ಲ. ಬಾನೆಟ್ಟು ಸಾಮಾನ್ಯವಾಗಿ ಉಕ್ಕಿನ ತಗಡು. ಅದರ ಮುಂದಿನ ಅಂಚಿಗೆ ಬಿದ್ದ ಕಲ್ಲು ಲೋಹದವರೆಗೆ ಇಳಿದರೆ ಮುಂದಿನ ಮಳೆಗಾಲದಲ್ಲಿ ತುಕ್ಕು ಶುರು. ಆಮೇಲೆ ಮುಂದಿನ ಚಕ್ರದ ಮೇಲಿನ ಫೆಂಡರ್, ಪಕ್ಕದ ಕನ್ನಡಿಗಳ ಬೆನ್ನು, ಬಾಗಿಲುಗಳ ಕೆಳಗಿನ ಪಟ್ಟಿ. ಈ ಪಟ್ಟಿಗೆ ಬಡಿಯುವುದು ಲಾರಿಯ ಕಲ್ಲಲ್ಲ, ನಮ್ಮದೇ ಚಕ್ರ ಎಸೆಯುವ ಕಲ್ಲು. ಅದಕ್ಕೆ ಮೊದಲ ಮದ್ದು ನಾಲ್ಕು ಮಡ್‌ಫ್ಲಾಪ್, ಅಷ್ಟೇ.

ಇನ್ನು ಟಾಪು, ಡಿಕ್ಕಿ, ಬಾಗಿಲುಗಳ ಮೇಲ್ಭಾಗ? ಅಲ್ಲಿಗೆ ಹರಳು ಬರುವುದೇ ಅಪರೂಪ. ಅಲ್ಲಿಗೆ ಬರುವುದು ಸಂತೆಯಲ್ಲಿ ಒರಗಿದ ಸೈಕಲ್ಲು, ಓಣಿಯಲ್ಲಿ ತಿರುಗುವ ಆಟೋ, ಹುಡುಗರ ಕ್ರಿಕೆಟ್ ಚೆಂಡು. ತಗಡು ನೆಗ್ಗಿದ ಮೇಲೆ ಫಿಲ್ಮು ಇದ್ದರೇನು, ಇಲ್ಲದಿದ್ದರೇನು? ಆ ಭಾಗವನ್ನು ಬಡಿದು ಬಣ್ಣ ಹೊಡೆಸುವಾಗ ಫಿಲ್ಮೂ ಕಿತ್ತು ಹೋಗುತ್ತದೆ. ವಿಮೆಯಲ್ಲಿ ಅದರ ದುಡ್ಡು ಬರುತ್ತದೆಯೇ ಎಂದು ಮೊದಲೇ ಕಂಪನಿಯವರನ್ನು ಕೇಳಿಕೊಳ್ಳುವುದು ಜಾಣತನ.

ಅರ್ಧ ಬಾನೆಟ್ಟಿನ ಕಥೆ

ದುಡ್ಡು ಉಳಿಸಲು ಕೆಲವರು ಬಾನೆಟ್ಟಿನ ಮುಂದಿನ ಒಂದೂವರೆ, ಎರಡು ಅಡಿಗೆ ಮಾತ್ರ ಹಾಕಿಸುತ್ತಾರೆ. ಬೇರೆ ಊರಿನಲ್ಲಿ ಇದು ನಡೆದೀತು. ಆದರೆ ನಮ್ಮದು ಕೆಂಧೂಳಿನ ಸೀಮೆ. ಫಿಲ್ಮು ಮುಗಿಯುವ ಅಂಚಿನಲ್ಲಿ ಅದಿರಿನ ಧೂಳು ಕೂತು, ಬಿಳಿ ಕಾರಿನ ಹಣೆಗೆ ಅಡ್ಡಡ್ಡ ಕುಂಕುಮದ ಗೀಟು ಎಳೆದಂತೆ ಕಾಣುತ್ತದೆ. ಅದಕ್ಕೇ ಬಳ್ಳಾರಿಯ ಕಾರಿಗೆ ಬಾನೆಟ್ಟು ಪೂರ್ತಿ ಮುಚ್ಚಿ, ಅಂಚನ್ನು ಒಳಕ್ಕೆ ಮಡಚಿಸುವುದು ಮೇಲು.

ಹಾಗಾದರೆ ಲೆಕ್ಕ ಇಷ್ಟು. ಬಂಪರ್, ಪೂರ್ತಿ ಬಾನೆಟ್ಟು, ಎರಡು ಫೆಂಡರ್, ಕನ್ನಡಿ, ಕೆಳಗಿನ ಪಟ್ಟಿ. ಜೊತೆಗೆ ಬೇಕಿದ್ದರೆ ಉಗುರು ಗೀಚುವ ಬಾಗಿಲ ಹಿಡಿಕೆಯ ಗುಂಡಿ, ಸಾಮಾನು ಉಜ್ಜುವ ಡಿಕ್ಕಿಯ ಹೊಸಿಲು. ವಾರಕ್ಕೆ ಎರಡು ಮೂರು ಸಲ ಹೆದ್ದಾರಿಗೆ ಇಳಿಯುವವರಿಗೆ ಇದು ಸಾಕು. ಪೂರ್ತಿ ಮೈಗೆ ಆಗುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುವುದುಂಟು. ಊರೊಳಗೆ ಮಾರುಕಟ್ಟೆ, ಬ್ಯಾಂಕು ಎಂದು ಸುತ್ತುವ ಕಾರಿಗೆ ಇದೂ ಬೇಡ. ಹತ್ತಾರು ಲಕ್ಷ ಮೀರಿದ ಕಾರು, ಕಡುಗಪ್ಪು ಬಣ್ಣ, ಎಂಟು ಹತ್ತು ವರ್ಷ ಮಾರುವುದಿಲ್ಲ ಎನ್ನುವವರು ಪೂರ್ತಿ ಹಾಕಿಸಿಕೊಳ್ಳಲಿ, ಅದು ಅವರ ಖುಷಿ. ಆದರೆ ಮಾರುವಾಗ ಫಿಲ್ಮಿನ ದುಡ್ಡು ವಾಪಸ್ ಬರುತ್ತದೆ ಎಂಬ ಆಸೆ ಬೇಡ. ಹಳೇ ಕಾರು ಕೊಳ್ಳುವವನು ನೋಡುವುದು ಇಂಜಿನ್ನು, ಟೈರು, ಓಡಿದ ಕಿಲೋಮೀಟರು.

ಮೋಸ ಇರುವುದು ಮಾಲಿನಲ್ಲಿ. ಅಸಲಿ ಫಿಲ್ಮು ಟಿಪಿಯು ಎಂಬ ಪಾಲಿಯುರೆಥೇನ್‌ನದು. ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಅದರ ಮೇಲಿನ ಸಣ್ಣ ಗೀರು ಶಾಖ ತಾಗಿದರೆ ತಾನೇ ಮಾಯುತ್ತದೆ, ಆ ಕೆಲಸ ಬಳ್ಳಾರಿಯ ಬಿಸಿಲು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಅಗ್ಗದ ಪಿವಿಸಿ ಹಾಳೆಯನ್ನು ಅದೇ ಹೆಸರಿನಲ್ಲಿ ಅಂಟಿಸಿದರೆ ಅದೇ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ರೋಲಿನ ಪೆಟ್ಟಿಗೆ ಎದುರಿಗೇ ಬಿಚ್ಚಿಸಿ, ನಂಬರ್ ಬರೆದುಕೊಂಡು, ವಾರಂಟಿ ಕಾಗದದಲ್ಲಿ ಪಡೆಯಿರಿ. ಮತ್ತೆ ಬಣ್ಣ ಹೊಡೆಸಿದ ಜಾಗಕ್ಕೆ ಕೆಲವು ವಾರ ಕಾಯದೆ ಹಾಕಿಸಬೇಡಿ. ಬಣ್ಣದ ಫಿಲ್ಮು ಹಾಕಿಸಿ ಕಾರಿನ ಬಣ್ಣವನ್ನೇ ಬದಲಾಯಿಸಿದರೆ ಆರ್‌ಟಿಓ ಕಚೇರಿಯ ಆರ್‌ಸಿ ಪುಸ್ತಕದಲ್ಲೂ ಬದಲಾಗಬೇಕು, ನೆನಪಿರಲಿ.

ಇಷ್ಟಕ್ಕೂ ಪುಕ್ಕಟೆ ಫಿಲ್ಮು ಒಂದಿದೆ, ಅಂತರ. ಕಾರಿನ ವೇಗ 40ರಿಂದ 80ಕ್ಕೆ ಏರಿದರೆ ಕಲ್ಲಿನ ಏಟಿನ ಶಕ್ತಿ ಸುಮಾರು ನಾಲ್ಕು ಪಟ್ಟು. ಟಿಪ್ಪರ್ ಬಾಲಕ್ಕೆ ಅಂಟಿಕೊಂಡು ಹೋಗುವವರನ್ನು ಯಾವ ಕಂಪನಿಯ ಹಾಳೆಯೂ ಕಾಯದು.

ಕೊನೆಗೆ ಕೇಳಲೇಬೇಕಾದ ಮಾತು. ಕಲ್ಲು ಎಸೆಯುವವರು ಯಾರು, ದುಡ್ಡು ತೆರುವವರು ಯಾರು? ಅದಿರು ಲಾರಿಗೆ ತಾಡಪಾಲು ಹೊದಿಸಬೇಕು ಎನ್ನುವುದು ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ಹಾಕುವ ಮಾಮೂಲಿ ಷರತ್ತು. ಮಿತಿ ಮೀರಿ ಹೇರಿದರೆ 2019ರ ತಿದ್ದುಪಡಿಯಾದ ಕಾನೂನಿನಂತೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಕಾನೂನಿಗೆ ಕೊರತೆಯಿಲ್ಲ. ಕಾರಿನವರು ಸಾಲ ಮಾಡಿ ಮೈಮುಚ್ಚಿಕೊಳ್ಳುವ ಮೊದಲು, ಲಾರಿಯ ಮೇಲೆ ಒಂದು ತಾಡಪಾಲು ಬಿಗಿಯಾಗಿ ಕಟ್ಟಿಸುವುದು ಚೆಕ್‌ಪೋಸ್ಟಿನವರ ಕೈಯಲ್ಲೇ ಇದೆ. ಅದರ ಖರ್ಚೂ ಕಡಿಮೆ.