ಮಂಗಳ ಹಾಡದೆ ಎದ್ದ ಆಟ

ದೀಪಾವಳಿ ಕಳೆದರೆ ಶಿರಸಿ ಸೀಮೆಯ ಅಡಿಕೆ ಮನೆಗಳಲ್ಲಿ ರಾತ್ರಿಯ ಕೆಲಸವೆಂದರೆ ಸುಲಿತ. ಜಗಲಿಯ ನಡುವೆ ಹಸಿ ಅಡಿಕೆಯ ರಾಶಿ, ಸುತ್ತ ಏಳೆಂಟು ಮೆಟ್ಟುಗತ್ತಿ, ಒಂದೊಂದನ್ನೂ ಕಾಲಲ್ಲಿ ಮೆಟ್ಟಿ ಕೂತವರು. ಕತ್ತಿಯ ಬಾಯಿಗೆ ಕಾಯಿ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಕೈಗೆ ರೂಢಿಯಾದ ಮೇಲೆ ಕಣ್ಣಿಗೆ, ಕಿವಿಗೆ ಅಷ್ಟೇನೂ ಕೆಲಸವಿಲ್ಲ. ಹಿಂದೆ ಆ ಹೊತ್ತನ್ನು ಕಥೆಗಳು, ಯಕ್ಷಗಾನದ ಪದ್ಯಗಳು ತುಂಬುತ್ತಿದ್ದವು. ಆಮೇಲೆ ರೇಡಿಯೋ ಬಂತು. ಅದಾದ ಮೇಲೆ ಒಳಗಿನ ಟೀವಿಯನ್ನು ಕಿಟಕಿಯತ್ತ ತಿರುಗಿಸಿಟ್ಟರು. ಧಾರಾವಾಹಿಯೆಂಬುದು ಈ ಕಡೆಯ ಎಷ್ಟೋ ಮನೆಗಳನ್ನು ಹೊಕ್ಕಿದ್ದು ಹೀಗೆ, ಅಡಿಕೆ ರಾಶಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು.

ಜಾಗ ಮಾಡಿಕೊಂಡಿತೆಂದರೂ ಸುಲಭಕ್ಕಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಒಂದು ತೋಟ, ಒಂದು ಹೊಳೆ, ಒಂದು ಗುಡ್ಡದ ಅಂತರ. ಕೇಬಲ್ ಎಳೆಯುವವರಿಗೆ ಅದು ನಷ್ಟದ ಬಾಬು. ಸಾದಾ ಆಂಟೆನಾಕ್ಕೆ ದೂರದರ್ಶನ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಹಾಗಾಗಿ ಉದಯ, ಈಟೀವಿ ಬೇಕೆಂದವರು ಅಂಗಳದ ಮೂಲೆಯಲ್ಲಿ ದೊಡ್ಡ ಜಾಳಿಗೆಯ ಡಿಶ್ ನಿಲ್ಲಿಸಿದರು. ಆಮೇಲೆ ಮಾಡಿನ ಮೇಲೆ ಕೂರುವ ಸಣ್ಣ ತಟ್ಟೆ ಬಂತು. ಅದು ಅಗ್ಗ ಹೌದು, ಆದರೆ ಅದು ಹಿಡಿಯುವ ತರಂಗದ ಅಲೆ ಚಿಕ್ಕದು. ಜೋರು ಮಳೆಯ ಹನಿಗಳು ಅದನ್ನು ಹೀರಿ, ಚೆದುರಿಸಿಬಿಡುತ್ತವೆ. ಆಷಾಢದ ರಾತ್ರಿ ಕೋರ್ಟ್ ಸೀನ್ ನಡೆಯುವಾಗಲೇ ಪರದೆ ಚೌಕಚೌಕವಾಗಿ ಒಡೆದು ನಿಲ್ಲುತ್ತಿತ್ತು. ಅದೂ ತಪ್ಪಿದರೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಹವ್ಯಕರ ಮನೆಯ ಫೋನಿನಲ್ಲಿ ಮೊದಲ ಮಾತೇ ಅದು: “ಅತ್ಗೆ, ನಿನ್ನೆ ಎಂತಾತೆ? ನಮ್ಮಲ್ಲಿ ಕರೆಂಟ್ ಇತ್ತಿಲ್ಲೆ.”

ಇಷ್ಟು ಪಾಡುಪಟ್ಟು ನಾಲ್ಕೈದು ವರ್ಷ ನೋಡಿದ ಕಥೆ ಒಂದು ಶುಕ್ರವಾರ ಮುಗಿದುಹೋಗುತ್ತದೆ. ಮದುವೆ ಅಥವಾ ರಾಜಿ, ಎಲ್ಲರೂ ಸಾಲಾಗಿ ನಿಂತ ಒಂದು ಚಿತ್ರ, ಮೇಲೊಂದು ‘ಶುಭಂ’. ಸೋಮವಾರ ಅದೇ ಹೊತ್ತಿಗೆ ಬೇರೊಂದು ಮನೆಯ ಅತ್ತೆ ಬೇರೊಂದು ಸೊಸೆಯನ್ನು ಗದರುತ್ತಿರುತ್ತಾಳೆ.

ಅಮೆರಿಕದಲ್ಲಿ ಧಾರಾವಾಹಿಯ ಬೀಳ್ಕೊಡುಗೆಗೆ ಒಂದು ಶಿಷ್ಟಾಚಾರವಿದೆ. ರೇಡಿಯೋ ಕಾಲದಲ್ಲಿ ಸಾಬೂನು ಕಂಪನಿಗಳು ಗೃಹಿಣಿಯರಿಗಾಗಿ ಪ್ರಾಯೋಜಿಸಿದ್ದರಿಂದ ಇಂಥ ಕಥೆಗಳಿಗೆ ‘ಸೋಪ್ ಒಪೆರಾ’ ಎಂಬ ಹೆಸರೇ ಬಂತು. 1937ರಲ್ಲಿ ರೇಡಿಯೋದಲ್ಲಿ ಶುರುವಾದ ‘ಗೈಡಿಂಗ್ ಲೈಟ್’ ಟೀವಿಗೆ ದಾಟಿ 2009ರವರೆಗೆ ನಡೆಯಿತು. 1956ರ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ 2010ರಲ್ಲಿ, 1970ರ ‘ಆಲ್ ಮೈ ಚಿಲ್ಡ್ರನ್’ ಮಾರನೆಯ ವರ್ಷ ನಿಂತವು. ಅಜ್ಜಿ ನೋಡಿದ ಪಾತ್ರವನ್ನೇ ಮೊಮ್ಮಗಳೂ ನೋಡಿದ ಮೇಲೆ ಸುಮ್ಮನೆ ಎದ್ದುಹೋಗಲಾಗುತ್ತದೆಯೇ? ನಟನಟಿಯರನ್ನು ಟಾಕ್ ಷೋದ ಸೋಫಾದ ಮೇಲೆ ಕೂರಿಸಿ, ಹಳೆಯ ತುಣುಕು ತೋರಿಸಿ, ನಗಿಸಿ, ಅಳಿಸಿ ಕಳಿಸುತ್ತಾರೆ. ನಮ್ಮಲ್ಲಿ 1984ರ ‘ಹಮ್ ಲೋಗ್’ ಇದನ್ನು ತಿರುವುಮುರುವು ಮಾಡಿತ್ತು: ಪ್ರತಿ ಕಂತಿನ ಕೊನೆಗೂ ನಟ ಅಶೋಕ್ ಕುಮಾರ್ ಬಂದು ಕಥೆಯ ಬಗ್ಗೆ ನೋಡುಗರೊಡನೆ ನಾಲ್ಕು ಮಾತಾಡುತ್ತಿದ್ದರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಟಿ. ಎನ್. ಸೀತಾರಾಮ್ ಅವರ ಸಂವಾದ. 1998ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆ ಸೇರಿ ಅವರು ನಿರ್ದೇಶಿಸಿದ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದದ್ದರಿಂದ ಡಿಶ್ ಇಲ್ಲದ ಮನೆಗಳಿಗೂ ಸಿಕ್ಕಿತು. ಮುಂದೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’. ವೃತ್ತಿಯಲ್ಲಿ ವಕೀಲರಾಗಿದ್ದ ಸೀತಾರಾಮ್ ತೆರೆಯ ಮೇಲೂ ಸಿ.ಎಸ್.ಪಿ. ಎಂಬ ಕರಿಕೋಟಿನ ವಕೀಲರು. ‘ಮುಕ್ತ ಮುಕ್ತ’ದ ದಿನಗಳಲ್ಲಿ ಅವರೂ ಕಲಾವಿದರೂ ವೇದಿಕೆಯ ಮೇಲೆ ಕೂತು ನೋಡುಗರ ಪ್ರಶ್ನೆಗಳನ್ನು ಎದುರಿಸಿದರು. ಹೊಗಳಿಕೆಯ ಸಭೆಯಲ್ಲ ಅದು. ಪಾತ್ರಗಳನ್ನೇ ಕಟಕಟೆಗೆ ಎಳೆಯುವ ಸಭೆ.

ಈ ಮೂರು ತಾಲ್ಲೂಕುಗಳಲ್ಲಿ ಅಂಥ ಮಾತಿಗೆ ಕಿವಿ ಮೊದಲೇ ಪಳಗಿತ್ತು ಎನ್ನಬೇಕು. ತಾಳಮದ್ದಳೆಯೆಂದರೆ ಇನ್ನೇನು? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಶಾಲು ಹೊದ್ದ ಅರ್ಥಧಾರಿಗಳು ಚಾಪೆಯ ಮೇಲೆ ಕೂತು ಕರ್ಣನೋ ಕೃಷ್ಣನೋ ಆಗಿ ರಾತ್ರಿಯಿಡೀ ವಾದಿಸುತ್ತಾರೆ. ಬರೆದುಕೊಂಡು ಬಂದ ಸಂಭಾಷಣೆಯಿಲ್ಲ. ಎದುರಿನವನು ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ಸರಿಯೇ ಎಂದು ರಾಮನನ್ನೇ ಕೇಳಿದ ಮನೆಯ ಹಿರಿಯರು, ಸಿ.ಎಸ್.ಪಿ.ಯ ಪಾಟೀಸವಾಲಿನ ಅಂಕ ಎಣಿಸದೆ ಬಿಡುತ್ತಾರೆಯೇ? “ಈ ಪ್ರಶ್ನೆ ಮೊದಲೇ ಕೇಳವಾಗಿತ್ತು” ಎಂಬ ತೀರ್ಪು ಅಡಿಕೆ ರಾಶಿಯಾಚೆಯಿಂದ ಬರುತ್ತಿತ್ತು. ಬೇರೆ ಧಾರಾವಾಹಿಗಳನ್ನು ಹೆಂಗಸರ ಪಾಲಿಗೆ ಬಿಟ್ಟ ಗಂಡಸರೂ ಇದಕ್ಕೆ ಮಾತ್ರ ಕುರ್ಚಿ ಎಳೆದುಕೊಂಡರು.

ಎಲ್ಲಕ್ಕೂ ಇಷ್ಟು ಗೌರವ ಸಂದಿತೆಂದಲ್ಲ. 2012ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದ ‘ಪುಟ್ಟಗೌರಿ ಮದುವೆ’ಯಲ್ಲಿ ಗೌರಿ ಕಾಡುಪಾಲಾಗಿ ಹುಲಿಯನ್ನು ಎದುರಿಸಿದಾಗ ನಾಡಿಗೆ ನಾಡೇ ತಮಾಷೆ ಮಾಡಿತು. ಹಿತ್ತಿಲ ಬೇಲಿಯಾಚೆ ನಿಜವಾದ ಕಾಡಿರುವವರ ನಗುವಿಗೆ ಇನ್ನೂ ಒಂದು ಕಾರಣ ಹೆಚ್ಚಿತ್ತು. ಅದೇ ಗೌರಿ, ಅಂದರೆ ರಂಜನಿ ರಾಘವನ್, 2020ರಲ್ಲಿ ‘ಕನ್ನಡತಿ’ಯ ಮೇಷ್ಟ್ರಮ್ಮನಾಗಿ ಬಂದಾಗ ಪಾತ್ರದ ಹೆಸರು ಭುವನೇಶ್ವರಿ. ಸಿದ್ದಾಪುರದವರಿಗೆ ಆ ಹೆಸರು ಪಕ್ಕದ ಭುವನಗಿರಿಯ ದೇವಿಯದು. ಕಂತಿನ ಕೊನೆಗೆ ಕನ್ನಡದ ಒಂದು ಪದದ ಬಗ್ಗೆ ಎರಡು ಮಾತು ಹೇಳುವ ಪದ್ಧತಿಯನ್ನೂ ಅದು ಇಟ್ಟುಕೊಂಡಿತ್ತು. 2023ರ ಫೆಬ್ರುವರಿಯಲ್ಲಿ ಮುಗಿದಾಗ ಕೆಲವರಿಗೆ ಕಥೆಗಿಂತ ಆ ಪದಪಾಠವೇ ತಪ್ಪಿಹೋಯಿತೆನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಬೀಳ್ಕೊಡುಗೆಯ ವಿಷಯ ಬಂದಾಗ ನೋಯುವ ಜಾಗ ಬೇರೆ. ಅದು ಸೀತಾರಾಮ್ ಅವರದೇ ‘ಮಗಳು ಜಾನಕಿ’. 2018ರ ಜುಲೈಯಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಯಿತು. ಗಾನವಿ ಲಕ್ಷ್ಮಣ್ ಜಾನಕಿ, ಸಿ.ಎಸ್.ಪಿ. ಹೊಸ ಮೊಕದ್ದಮೆಗಳೊಡನೆ ಮರಳಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಚಿತ್ರೀಕರಣ ನಿಂತಿತು, ವಾಹಿನಿಗಳು ಹಳೆಯ ಕಂತುಗಳನ್ನೇ ತಿರುಗಿ ಹಾಕಿದವು. ಬಾಗಿಲು ತೆರೆದು ಕ್ಯಾಮೆರಾ ಮತ್ತೆ ಓಡುವ ಹೊತ್ತಿಗೆ ‘ಮಗಳು ಜಾನಕಿ’ ಮಾತ್ರ ಇರಲಿಲ್ಲ. ಕಥೆ ಹೇಳಿ ಮುಗಿಸುವ ಮೊದಲೇ ಅದು ನಿಂತುಹೋಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ ಬಂದು ಜನ ಅದಕ್ಕೆ ಮುಗಿಬಿದ್ದರು. ತಾಳಮದ್ದಳೆಯ ಊರುಗಳಿಗೆ ಕರ್ಣ, ಕೃಷ್ಣರು ಹೊಸಬರೇನಲ್ಲ. ಆದರೆ ಜಾನಕಿಯ ಮುಂದಿನ ಪ್ರಸಂಗ ಯಾವ ಭಾಗವತರ ಪುಸ್ತಕದಲ್ಲೂ ಇರಲಿಲ್ಲ.

ಇಲ್ಲಿ ಮುಗಿತಾಯವೆಂಬುದಕ್ಕೆ ಒಂದು ಕ್ರಮವುಂಟು. ಯಕ್ಷಗಾನದ ಆಟ ಬೆಳಗಾಗುವವರೆಗೆ ನಡೆದರೂ ಭಾಗವತರು ಮಂಗಳ ಹಾಡಿದ ಮೇಲೆಯೇ ಚೌಕಿಯ ದೀಪ ಆರುವುದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬಯಲಿನ ಗದ್ದುಗೆಯಿಂದ ದೇವಿ ಎದ್ದ ಮೇಲೆ ಚಪ್ಪರಕ್ಕೆ ಬೆಂಕಿ ಇಡುತ್ತಾರೆ; ಜಾತ್ರೆ ಮುಗಿಯಿತೆಂದು ಯಾರಿಗೂ ಹೇಳಬೇಕಾಗುವುದಿಲ್ಲ. ಜಾನಕಿಗೆ ಮಂಗಳವೂ ಇಲ್ಲ, ಬೆಂಕಿಯೂ ಇಲ್ಲ. ಸಂವಾದವನ್ನೇ ರೂಢಿ ಮಾಡಿಕೊಂಡ ನಿರ್ದೇಶಕರ ಧಾರಾವಾಹಿಯೇ ಮಾತಿಲ್ಲದೆ ಎದ್ದುಹೋದದ್ದು ವಿಚಿತ್ರ.

ಎರಡು ವರ್ಷದ ನಂತರ, 2022ರಲ್ಲಿ, ಬೇರೆಯೇ ಒಂದು ಬಾಗಿಲು ತೆರೆಯಿತು. ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಶುರುವಾಯಿತು. 1998ರ ಕಥೆಯ ಮುಂದುವರಿಕೆ, ಅದೇ ಮೂವರು ನಿರ್ದೇಶಕರು. ಹಳೆಯ ಪಾತ್ರಗಳ ತಲೆ ನರೆತಿತ್ತು, ಅವರ ಮಕ್ಕಳು ಕಥೆಯೊಳಗೆ ಬಂದಿದ್ದರು. ನೋಡುವವರ ಮನೆಯಲ್ಲೂ ಅಷ್ಟೇ ವರ್ಷ ಕಳೆದಿತ್ತು. ಅಡಿಕೆ ಸುಲಿಯುವ ಯಂತ್ರ ಬಂದ ಕಡೆ ಜಗಲಿಯ ಮೆಟ್ಟುಗತ್ತಿಗಳು ಅಟ್ಟ ಸೇರಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಧಾರಾವಾಹಿ ಈಗ ಮೊಬೈಲಿನಲ್ಲಿ ಬರುತ್ತದೆ, ಗುಡ್ಡದ ಕಡೆಯ ಕಿಟಕಿಯಲ್ಲಿ ಒಂದೆರಡು ಕಡ್ಡಿ ನೆಟ್‌ವರ್ಕ್ ಸಿಕ್ಕಿದರೆ. ಸಿಗದಿದ್ದರೆ ಮಾರನೆಯ ಬೆಳಿಗ್ಗೆ ಅತ್ತಿಗೆಗೆ ಫೋನು.