ನೀರೆತ್ತುವ ವಿದ್ಯುಚ್ಛಕ್ತಿಯೂ ಅದರ ಆಡಳಿತವೂ

ಗುಂಡಿಯನ್ನೊತ್ತಿದೊಡನೆ ಬಾವಿಯ ನೀರು ಮೇಲೇರುವುದನ್ನು ಕಾಣುವ ರೈತರಲ್ಲಿ, ಆ ವಿದ್ಯುಚ್ಛಕ್ತಿಯ ದರವನ್ನು ಯಾರು ಗೊತ್ತುಮಾಡುವರು, ಹಣವನ್ನು ಯಾರು ತೆರುವರು ಎಂದು ವಿಚಾರಿಸುವವರು ವಿರಳ. ತಂತಿಯು ಒಂದೇ ಆದರೂ ಅದರ ಮೇಲಣ ಅಧಿಕಾರವು ಹಲವು ಕೈಗಳಲ್ಲಿ ಹಂಚಿಹೋಗಿರುತ್ತದೆ.

ಮೈಸೂರು ಸಂಸ್ಥಾನದಲ್ಲಿ ಮೊದಲು ಹೀಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದಾಗ, ಉತ್ಪಾದನೆಯೂ ಮಾರಾಟವೂ ಸಂಸ್ಥಾನದ ಸರ್ಕಾರದ ಕೈಯಲ್ಲಿಯೇ ಇದ್ದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ವಿಷಯವನ್ನು ಕೇಂದ್ರವೂ ರಾಜ್ಯಗಳೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿಸಿತು. ಈಗಿನ ಏರ್ಪಾಡಿಗೆ ಮುಖ್ಯ ಆಧಾರವು ಪಾರ್ಲಿಮೆಂಟು ಮಾಡಿದ 2003ನೆಯ ಇಸವಿಯ ವಿದ್ಯುಚ್ಛಕ್ತಿ ಕಾಯಿದೆ. ಕೇಂದ್ರ ಸರ್ಕಾರದ ಒಡೆತನದ ಉತ್ಪಾದನಾ ಕೇಂದ್ರಗಳ ದರವನ್ನೂ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವ ದರವನ್ನೂ ಕೇಂದ್ರದ ಆಯೋಗವು ನಿರ್ಣಯಿಸುತ್ತದೆ. ಕರ್ನಾಟಕದ ಬಳಕೆದಾರನು ತೆರಬೇಕಾದ ದರವನ್ನು ಗೊತ್ತುಮಾಡತಕ್ಕದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಳ್ಳಿಗೆ ತಂದು ಹಂಚುವುದು ಸರ್ಕಾರಿ ಒಡೆತನದ ಐದು ಕಂಪನಿಗಳ ಕೆಲಸ; ಹುಕ್ಕೇರಿಯ ಕಡೆ ಮಾತ್ರ ಒಂದು ಸಹಕಾರ ಸಂಘವು ಈ ಕೆಲಸವನ್ನು ನಡೆಸಿಕೊಂಡು ಬಂದಿರುವುದು ವಿಶೇಷ.

ಭೂಮಾಲಿಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯು ಮುಂದಿನದು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯ ಸರ್ಕಾರವು 2008ರಿಂದ ವಿದ್ಯುಚ್ಛಕ್ತಿಯನ್ನು ಉಚಿತವಾಗಿ ಒದಗಿಸಿಕೊಂಡು ಬಂದಿದೆ. ಉಚಿತವೆಂದರೆ ಬೆಲೆಯಿಲ್ಲದ್ದೆಂದು ಅರ್ಥವಲ್ಲ. ಆಯೋಗವು ಈ ಪಂಪುಗಳಿಗೂ ದರವನ್ನು ಗೊತ್ತುಮಾಡಿಯೇ ಇರುತ್ತದೆ. ರೈತನ ಬದಲು ಸರ್ಕಾರವು ಅದನ್ನು ಕಂಪನಿಗೆ ಸಲ್ಲಿಸಬೇಕು. ಮೇಲ್ಕಂಡ ಕಾಯಿದೆಯ 65ನೆಯ ಪ್ರಕರಣದಂತೆ ಈ ಹಣವನ್ನು ಮುಂಗಡವಾಗಿಯೇ ಕೊಡತಕ್ಕದ್ದು. ಕೊಡದಿದ್ದಲ್ಲಿ ರಿಯಾಯಿತಿಯ ಅಪ್ಪಣೆಯು ನಡೆಯದೆ, ಆಯೋಗದ ದರವೇ ಬಳಕೆದಾರನಿಗೆ ಅನ್ವಯಿಸುತ್ತದೆ. ಅಂದರೆ ವಿಧಾನಸೌಧದಲ್ಲಿ ಮಂಜೂರಾಗುವ ಮೊಬಲಗಿಗೂ ಹೊಲದ ಪಂಪಿಗೂ ನೇರವಾದ ಸಂಬಂಧವುಂಟು.

ಆ ಮೊಬಲಗನ್ನು ಲೆಕ್ಕ ಹಾಕುವುದರಲ್ಲಿಯೂ ತೊಡಕಿದೆ. ಮೀಟರಿನ ಮೂಲಕವೇ ಸರಬರಾಜು ಆಗತಕ್ಕದ್ದೆಂದು ಕಾಯಿದೆಯು ವಿಧಿಸಿದ್ದರೂ ಬಹುಪಾಲು ಪಂಪುಗಳಿಗೆ ಮೀಟರುಗಳಿಲ್ಲ. ಅವು ಬಳಸಿದ್ದು ಎಷ್ಟೆಂಬುದನ್ನು ಅಂದಾಜಿನಿಂದಲೇ ಗೊತ್ತುಮಾಡುತ್ತಾರೆ. ತಂತಿಯಲ್ಲಿ ಸೋರಿದ್ದೂ ಕಳವಾದದ್ದೂ ಈ ಅಂದಾಜಿನೊಳಗೆ ಸೇರಿಹೋದರೆ ರೈತನ ಹೆಸರಿಗೇ ಬೀಳುವ ಸಂಭವವುಂಟು. ಮೀಟರೆಂದರೆ ಶುಲ್ಕ ಬಂದೀತೆಂದು ಅಂಜುವುದು ಸಹಜವೇ ಸರಿ. ಆದರೆ ಲೆಕ್ಕವಿಲ್ಲದಿರುವುದರಿಂದ ರೈತನಿಗೆ ಲಾಭವೇ ಆಗುತ್ತಿದೆಯೆಂದು ಹೇಳುವುದು ಕಷ್ಟ.

ಗ್ರಾಮ ಪಂಚಾಯಿತಿಗೆ ದರದ ವಿಷಯದಲ್ಲಿ ಅಧಿಕಾರವಿಲ್ಲ. ಬೀದಿ ದೀಪಗಳಿಗೂ ಕುಡಿಯುವ ನೀರಿನ ಪಂಪುಗಳಿಗೂ ಅದು ತಾನೇ ಒಬ್ಬ ಗಿರಾಕಿ. ಆದಾಗ್ಯೂ ಗ್ರಾಮದ ಮುಖಂಡರು ಸುಮ್ಮನಿರಬೇಕಾಗಿಲ್ಲ. ದರದ ಪರಿಷ್ಕರಣೆಗೆ ಅರ್ಜಿ ಹಾಕುವ ಕಂಪನಿಯು ಅದರ ಸಾರಾಂಶವನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರ್ಯಾಲೋಚಿಸಿದ ಮೇಲೆಯೇ ಆಯೋಗವು ಆಜ್ಞೆ ಮಾಡತಕ್ಕದ್ದು. ಪಂಪುಗಳ ಸಂಖ್ಯೆ, ದಿನಕ್ಕೆ ನಿಜವಾಗಿ ವಿದ್ಯುತ್ ಬಂದ ಗಂಟೆಗಳು, ಪರಿವರ್ತಕವು ಸುಟ್ಟು ನಿಂತ ದಿನಗಳು, ಇವುಗಳನ್ನು ಗ್ರಾಮವಾರು ಬರೆದಿಟ್ಟುಕೊಂಡವರ ಆಕ್ಷೇಪಣೆಗೆ ತೂಕವಿರುತ್ತದೆ. ಪರಿವರ್ತಕದ ದುರಸ್ತಿ ಮೊದಲಾದ ಸ್ಥಳೀಯ ದೂರುಗಳನ್ನು ಮೊದಲು ಕಂಪನಿಯ ಉಪವಿಭಾಗದ ಕಛೇರಿಗೂ, ಅಲ್ಲಿ ಪರಿಹಾರವಾಗದಿದ್ದರೆ ಬಳಕೆದಾರರ ಕುಂದುಕೊರತೆಗಳ ವೇದಿಕೆಗೂ, ಆ ಬಳಿಕ ವಿದ್ಯುಚ್ಛಕ್ತಿ ಲೋಕಪಾಲರಿಗೂ ಬರಹದಲ್ಲಿ ಸಲ್ಲಿಸಬಹುದು.