ಮಲ್ಪೆ ಮರಳು, ಆವನಿ ಕಲ್ಲು

ಕಾರವಾರ, ಮಲ್ಪೆ, ಮಂಗಳೂರು ಅಂತ ಕಡಲ ಮಗ್ಗುಲಲ್ಲೇ ಸುತ್ತಿದ್ದಾಯ್ತು. ಇವತ್ತು ಕೊನೇ ದಿನ. ಬಂಟ್ವಾಳದಲ್ಲಿ ಹಿಡಿದ ಹೆದ್ದಾರಿ 75, ಶಿರಾಡಿ ಘಾಟಿ ಹತ್ತಿಸಿ, ಹಾಸನ, ಬೆಂಗಳೂರು, ಕೋಲಾರ ದಾಟಿಸಿದೆ. ಮುಳಬಾಗಿಲಿಗೆ ಮೊದಲೇ ಬಲಕ್ಕೆ ತಿರುಗಿದ್ರೆ ಆವನಿ.

ರಾಮಲಿಂಗೇಶ್ವರನ ಬಾಗಿಲಲ್ಲಿ ಶೂ ಬಿಚ್ಚಿದ್ವಿ. ಒಳಗಿಂದ ಉದುರಿದ್ದು ಮಲ್ಪೆ ಮರಳು!

ಒಂದೇ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು. ನೊಳಂಬರ ಕಾಲದ್ದು, 10ನೇ ಶತಮಾನದ ಆಸುಪಾಸು. ನೋಡಿದ್ರೆ ಲಕ್ಷ್ಮಣೇಶ್ವರನನ್ನೇ ನೋಡಬೇಕು. ಅಣ್ಣನ ಗುಡಿಗಿಂತ ತಮ್ಮನ ಗುಡಿ ಗೋಡೆಗೇ ಕೆತ್ತನೆ ಜಾಸ್ತಿ.

ಗುಡ್ಡದ ಮೇಲೆ ಸೀತಮ್ಮ. ಲವಕುಶರು ಹುಟ್ಟಿದ್ದು ಇಲ್ಲೇ ಅನ್ನೋದು ಊರವರ ನಂಬಿಕೆ. ಬಂಡೆ ಹತ್ತುವಾಗ ನಮ್ಮ ಹರಟೆ ತಾನಾಗೇ ನಿಂತಿತು. ಮೇಲೆ ಗಾಳಿ ಜೋರು, ಉಪ್ಪಿನ ವಾಸನೆ ಮಾತ್ರ ಇಲ್ಲ.

ಇಳಿದ ಕೂಡಲೇ ಒಬ್ಬ ಕೇಳಿದ: "ಮಗಾ, ಮುಳಬಾಗಿಲು ದೋಸೆ ಈಗ ಸಿಗತ್ತಾ?"